ನಾಲೆಗೆ ನೀರು ಯಾವತ್ತು? ಉತ್ತರ ಹುಡುಕುತ್ತಾ 1892ಕ್ಕೆ ಹೋದೆವು

ಜುಲೈ ಬಂತೆಂದರೆ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಒಂದೇ ಮಾತು. ‘ನಾಲೆಗೆ ನೀರು ಯಾವತ್ತು ಬಿಡ್ತಾರಂತೆ?’

ಪತ್ರಿಕೋದ್ಯಮ ಓದಿ ಊರಿಗೆ ವಾಪಸಾದ ನಮ್ಮ ಗುಂಪಿನಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನವರಿದ್ದೇವೆ. ಒಂದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿಸಿಕೊಂಡು ಬೆಳೆದವರು. ಕೆ.ಆರ್. ನಗರದವರಿಗೆ ಅದು ಒಟ್ಲು ಪಾತಿಯ ಪ್ರಶ್ನೆ, ಭತ್ತ ಚೆಲ್ಲಬೇಕೋ ಬೇಡವೋ ಅಂತ. ಪಿರಿಯಾಪಟ್ಟಣದವರಿಗೆ ಹಾರಂಗಿ ನೀರು ನಾಲೆಯ ಕೊನೇ ಹೊಲದವರೆಗೆ ಬರುತ್ತದೋ ಇಲ್ಲವೋ ಎಂಬ ಚಿಂತೆ. ಹುಣಸೂರಿನವರು ಲಕ್ಷ್ಮಣತೀರ್ಥ ತುಂಬಿ ಹನಗೋಡು ಅಣೆಕಟ್ಟೆ ಮೇಲೆ ಹರಿಯಿತಾ ಅಂತ ವಿಚಾರಿಸುತ್ತಾರೆ. ಕೋಟೆಯವರ ಪ್ರಶ್ನೆಯೇ ಬೇರೆ. ಡ್ಯಾಂ ಕಣ್ಣ ಮುಂದೆಯೇ ಇದೆ, ಆದರೆ ಆ ನೀರು ಯಾರ ಊರಿಗೆ?

ಇಂಜಿನಿಯರನ್ನು ಕೇಳಿದರೆ ನೀರಾವರಿ ಸಲಹಾ ಸಮಿತಿ ಸಭೆ ಆಗಬೇಕು ಅನ್ನುತ್ತಾರೆ. ಸಮಿತಿಯವರು ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ, ಬೆಂಗಳೂರಿನವರು ದೆಹಲಿಯ ಕಡೆ. ಇದು ಇವತ್ತು ನಿನ್ನೆಯ ಕಥೆಯಲ್ಲ. ಹಳೇ ಒಪ್ಪಂದಗಳನ್ನೂ ಕಾಯ್ದೆಗಳನ್ನೂ ಒಂದೊಂದಾಗಿ ಓದುತ್ತಾ ಹೋದಂತೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಭಾಗದಲ್ಲಿ ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ಮಳೆಯಷ್ಟೇ ನಿರ್ಧರಿಸುವುದಿಲ್ಲ. ಆ ಗದ್ದೆಗೆ ಮೊದಲ ಸಲ ನೀರು ಹರಿದದ್ದು ಯಾವ ಇಸವಿಯಲ್ಲಿ ಎಂಬುದೂ ನಿರ್ಧರಿಸುತ್ತದೆ.

ಮೊದಲ ಕಾಗದ

ಮೈಸೂರು ಸಂಸ್ಥಾನ 1831ರಿಂದ 50 ವರ್ಷ ಬ್ರಿಟಿಷರ ಕೈಯಲ್ಲಿತ್ತು. 1881ರಲ್ಲಿ ಮತ್ತೆ ಅರಸರಿಗೆ ಬಂತು. ಬರಗಾಲ ಕಂಡ ನಾಡು, ಹಾಗಾಗಿ ಕೆರೆಕಟ್ಟೆಗಳನ್ನು ಹೆಚ್ಚಿಸಬೇಕೆಂಬ ಆತುರ ಅರಮನೆಗೂ ದಿವಾನರಿಗೂ ಇತ್ತು. ಕೆಳಗಿನ ಮದ್ರಾಸ್ ಪ್ರಾಂತ್ಯಕ್ಕೆ ತಂಜಾವೂರಿನ ಗದ್ದೆಗಳ ಚಿಂತೆ. ಮೇಲಿನವರು ನೀರು ಕಟ್ಟಿಕೊಂಡರೆ ಕೆಳಗೆ ಏನು ಬರುತ್ತದೆ? ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1892ರ ಫೆಬ್ರವರಿ 18ರಂದು ಎರಡೂ ಕಡೆಯವರು ಒಂದು ಒಪ್ಪಂದಕ್ಕೆ ಬಂದರು.

ಒಪ್ಪಂದದಲ್ಲಿ 15 ಮುಖ್ಯ ನದಿಗಳ ಪಟ್ಟಿ ಇತ್ತು. ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ಮೂರೂ ಅದರಲ್ಲಿವೆ. ಅಂದರೆ ಕೆ.ಆರ್. ನಗರ, ಹುಣಸೂರು, ಎಚ್.ಡಿ. ಕೋಟೆಯ ಹೊಳೆಗಳೆಲ್ಲ ಒಂದೇ ಕಾಗದದಲ್ಲಿ ಸಿಕ್ಕಿಬಿದ್ದವು. ಇವುಗಳಿಗೆ ಅಡ್ಡಲಾಗಿ ಮದ್ರಾಸಿನ ಒಪ್ಪಿಗೆಯಿಲ್ಲದೆ ಹೊಸ ಕಟ್ಟೆ ಕಟ್ಟುವಂತಿಲ್ಲ. ಇದ್ದ ಕಟ್ಟೆಗಳ ದುರಸ್ತಿಗೆ ಅಡ್ಡಿ ಇರಲಿಲ್ಲ.

‘ಹೊಸದು’ ಅಂದರೆ ಯಾವುದು ಎಂದೂ ಅದರಲ್ಲಿ ಬರೆದಿದ್ದರು. ಹಿಂದೆಂದೂ ಇಲ್ಲದ್ದು ಹೊಸದು. ಹಿಂದೆ ಇದ್ದು, ಹಾಳುಬಿದ್ದು, 30 ವರ್ಷಕ್ಕಿಂತ ಹೆಚ್ಚು ಕಾಲ ಉಪಯೋಗಿಸದೆ ಬಿಟ್ಟದ್ದೂ ಹೊಸದೇ! ಈ ಸಾಲನ್ನು ನಾವು ಎರಡೆರಡು ಸಲ ಓದಿದೆವು. ಅಜ್ಜ ಕಟ್ಟಿದ ಕಟ್ಟೆ ಒಡೆದುಹೋಗಿ ಮಗ, ಮೊಮ್ಮಗ ಸುಮ್ಮನಿದ್ದರೆ, ಮುಂದೆ ಅದು ಕಾಗದದಲ್ಲಿ ಹುಟ್ಟೇ ಇಲ್ಲ ಅಂತ ಆಗುತ್ತಿತ್ತು.

ಆ ಹೊತ್ತಿಗೆ ಹರಿಯುತ್ತಿದ್ದ ನಾಲೆಗಳು ಮಾತ್ರ ಬಚಾವಾದವು. ಕೆ.ಆರ್. ನಗರ ಭಾಗದ ಮಿರ್ಲೆ ನಾಲೆ, ಚುಂಚನಕಟ್ಟೆ ಕಡೆಯ ರಾಮಸಮುದ್ರ ನಾಲೆ, ಲಕ್ಷ್ಮಣತೀರ್ಥದ ಕಟ್ಟೆಮಳಲವಾಡಿ ಅಣೆಕಟ್ಟೆ ಇವೆಲ್ಲ ಅರಸರ ಕಾಲದ ಏರ್ಪಾಡುಗಳು. ಹೊಳೆಗೆ ಅಡ್ಡಲಾಗಿ ಕಲ್ಲಿನ ಅಣೆ, ಪಕ್ಕದಿಂದ ಹೊರಡುವ ನಾಲೆ, ನಾಲೆಯ ಕೆಳಗೆ ಗದ್ದೆ ಬಯಲು. ದೊಡ್ಡ ಡ್ಯಾಂ ಇಲ್ಲ, ಗೇಟೂ ಹೆಚ್ಚಿಲ್ಲ. ಹೊಳೆ ತುಂಬಿದರೆ ನಾಲೆ ತುಂಬುತ್ತದೆ, ಅಷ್ಟೆ. ಮುಂದಿನ ನೂರು ವರ್ಷದ ಜಗಳದಲ್ಲಿ ಈ ಹಳೇ ನಾಲೆಗಳ ಹಕ್ಕನ್ನು ಯಾರೂ ದೊಡ್ಡದಾಗಿ ಪ್ರಶ್ನಿಸಲಿಲ್ಲ. ಕೆ.ಆರ್. ನಗರದವರು ಭತ್ತ ಬೆಳೆಯುತ್ತಾರೆ, ಪಿರಿಯಾಪಟ್ಟಣದವರು ಹೊಗೆಸೊಪ್ಪು ಬೆಳೆಯುತ್ತಾರೆ ಎಂದರೆ ಅದಕ್ಕೆ ಮಣ್ಣು ಮಾತ್ರ ಕಾರಣ ಅಂತ ನಾವು ತಿಳಿದಿದ್ದೆವು. ಅರ್ಧ ಕಾರಣ ಈ ಕಾಗದದಲ್ಲಿದೆ.

ಸಿಮ್ಲಾ, ಲಂಡನ್, ಮತ್ತೆ 1924

ಕನ್ನಂಬಾಡಿ ಕಟ್ಟೆಯ ಕಥೆ ನಿಮಗೆ ಗೊತ್ತೇ ಇದೆ, ವಿಸ್ತಾರವಾಗಿ ಹೇಳುವುದಿಲ್ಲ. ಆದರೆ ಆ ಕಥೆಯ ಒಂದು ಎಳೆ ನಮ್ಮ ವಿಷಯಕ್ಕೆ ಬೇಕು. ಮೈಸೂರು 1911ರಲ್ಲಿ ಕೆಲಸ ಶುರುಮಾಡಿತು. ಮದ್ರಾಸ್ ತಕರಾರು ತೆಗೆಯಿತು. ಭಾರತ ಸರ್ಕಾರ ಗ್ರಿಫಿನ್ ಎಂಬವರನ್ನು ಪಂಚಾಯ್ತಿಗೆ ನೇಮಿಸಿತು. ಅವರು 1914ರಲ್ಲಿ ಕೊಟ್ಟ ತೀರ್ಪು ಬಹುಮಟ್ಟಿಗೆ ಮೈಸೂರಿನ ಕಡೆಗಿತ್ತು, 1916ರಲ್ಲಿ ಭಾರತ ಸರ್ಕಾರವೂ ಅದನ್ನು ಒಪ್ಪಿತು. ಮದ್ರಾಸಿನವರು ಲಂಡನ್‌ಗೆ ದೂರು ಒಯ್ದರು. ಅಲ್ಲಿನ ಭಾರತ ಮಂತ್ರಿ 1919ರಲ್ಲಿ ಒಪ್ಪಿಗೆಯನ್ನೇ ತಳ್ಳಿಹಾಕಿದರು. ಹೊಳೆ ನೋಡದವರು ಸಾವಿರಾರು ಮೈಲಿ ದೂರದಲ್ಲಿ ಕೂತು ಹೊಳೆಯ ಬಗ್ಗೆ ಬರೆಯುವುದು ಅವತ್ತೇ ರೂಢಿಯಾಗಿತ್ತು.

ಕೊನೆಗೆ 1924ರ ಫೆಬ್ರವರಿ 18ರಂದು ಎರಡನೇ ಒಪ್ಪಂದವಾಯಿತು. ಮೊದಲನೆಯದಾಗಿ ಸರಿಯಾಗಿ 32 ವರ್ಷಕ್ಕೆ, ಅದೇ ತಾರೀಖು. ಕನ್ನಂಬಾಡಿಗೆ 124 ಅಡಿ, ಅದರ ಕೆಳಗೆ 1,25,000 ಎಕರೆ ನೀರಾವರಿ. ಇದು ಮಂಡ್ಯದ ಕಡೆಯ ಲೆಕ್ಕ. ಉಳಿದಂತೆ ಕಾವೇರಿಯಲ್ಲೂ ಅದರ ಎಲ್ಲ ಉಪನದಿಗಳಲ್ಲೂ ಸೇರಿಸಿ ಮೈಸೂರು ಇನ್ನು ಮುಂದೆ ಹೆಚ್ಚಿಸಿಕೊಳ್ಳಬಹುದಾದ ನೀರಾವರಿ 1,10,000 ಎಕರೆ. ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಶಿಂಷಾ ಎಲ್ಲದರ ಬಯಲಿನವರೂ ಈ ಒಂದು ಅಂಕಿಯೊಳಗೆ ಪಾಲು ಹುಡುಕಬೇಕಿತ್ತು.

ಕೆಲವು ಕಲಮುಗಳನ್ನು 50 ವರ್ಷದ ನಂತರ ಮತ್ತೆ ಪರಿಶೀಲಿಸಬಹುದು ಅಂತಲೂ ಬರೆದಿದ್ದರು. 50 ವರ್ಷ ಅಂದರೆ 1974. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ.

‘ನೀರು ರಾಜ್ಯದ ವಿಷಯ, ಆದರೆ...’

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ನೀರು ರಾಜ್ಯಪಟ್ಟಿಯ ವಿಷಯ ಅಂತ ನಾವು ಶಾಲೆಯಲ್ಲಿ ಓದಿದ್ದೆವು. ರಾಜ್ಯಪಟ್ಟಿಯ 17ನೇ ನಮೂದು ನಿಜವಾಗಿಯೂ ಹಾಗೇ ಹೇಳುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಕೇಂದ್ರಪಟ್ಟಿಯ 56ನೇ ನಮೂದಿನಲ್ಲಿ ರಾಜ್ಯ ರಾಜ್ಯಗಳ ನಡುವೆ ಹರಿಯುವ ನದಿಗಳ ಮೇಲೆ ಸಂಸತ್ತಿಗೆ ಅಧಿಕಾರವಿದೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹೊಳೆ ಅನ್ನಿಸಿಕೊಂಡದ್ದೆಲ್ಲ ಕೊನೆಗೆ ಕಾವೇರಿಗೇ ಸೇರುತ್ತದೆ. ಹಾಗಾಗಿ ನಮ್ಮ ಮಟ್ಟಿಗೆ ಷರತ್ತೇ ನಿಯಮ.

1956ರಲ್ಲಿ ಸಂಸತ್ತು ಎರಡು ಕಾಯ್ದೆ ಮಾಡಿತು. ಒಂದು, ನದಿ ಮಂಡಳಿ ಕಾಯ್ದೆ. ರಾಜ್ಯಗಳು ಕೂಡಿ ಕೂತು ಒಂದು ನದಿಯನ್ನು ಇಡಿಯಾಗಿ ನೋಡಿಕೊಳ್ಳಲಿ ಎಂಬ ಆಸೆ ಅದರದ್ದು. ಆ ಕಾಯ್ದೆಯಡಿ ಇವತ್ತಿನವರೆಗೆ ಒಂದು ಮಂಡಳಿಯೂ ಹುಟ್ಟಿಲ್ಲ. ಇನ್ನೊಂದು, ಅಂತರರಾಜ್ಯ ಜಲವಿವಾದಗಳ ಕಾಯ್ದೆ. ಜಗಳವಾದರೆ ನ್ಯಾಯಮಂಡಳಿ ಮಾಡಿ ಎಂದಿತು. ಕೂಡಿ ಬಾಳುವ ಕಾಯ್ದೆ ಮೂಲೆ ಸೇರಿತು, ಜಗಳದ ಕಾಯ್ದೆ ಚೆನ್ನಾಗಿ ನಡೆಯಿತು. ಬೇರೆ ಥರ ಆಗಿದ್ದರೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಅದೇ 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಅಲ್ಲಿಯವರೆಗೆ ಬೇರೆ ರಾಜ್ಯವಾಗಿದ್ದ ಕೊಡಗು ಮೈಸೂರಿಗೆ ಸೇರಿತು. ಇದನ್ನು ನೀರಿನ ಸುದ್ದಿ ಅಂತ ಯಾರೂ ಹೇಳುವುದಿಲ್ಲ, ಆದರೆ ಪಿರಿಯಾಪಟ್ಟಣಕ್ಕೆ ಇದಕ್ಕಿಂತ ದೊಡ್ಡ ನೀರಿನ ಸುದ್ದಿ ಇಲ್ಲ. ಹಾರಂಗಿ ಕೊಡಗಿನ ಹೊಳೆ. ಕುಶಾಲನಗರದ ಹತ್ತಿರ ಅದಕ್ಕೆ ಕಟ್ಟೆ ಕಟ್ಟಿ ಪಿರಿಯಾಪಟ್ಟಣ, ಹುಣಸೂರು ಕಡೆಗೆ ನಾಲೆ ತರುವುದು ಎರಡೂ ಊರು ಒಂದೇ ಸರ್ಕಾರದ ಕೆಳಗೆ ಬಂದ ಮೇಲೆ ಸಲೀಸಾಯಿತು.

ಯೋಜನಾ ಆಯೋಗ ಒಪ್ಪಲಿಲ್ಲ

ಹಾರಂಗಿ, ಹೇಮಾವತಿ, ಕಬಿನಿ, ಸುವರ್ಣಾವತಿ ಈ ನಾಲ್ಕು ಕಟ್ಟೆಗಳನ್ನು ಕಟ್ಟಲು ರಾಜ್ಯ ಹೊರಟಿತು. ಪಂಚವಾರ್ಷಿಕ ಯೋಜನೆಗಳ ಕಾಲ ಅದು. ದೊಡ್ಡ ಕೆಲಸಕ್ಕೆ ದೆಹಲಿಯ ಯೋಜನಾ ಆಯೋಗದ ಮಂಜೂರಾತಿ ಬೇಕು. ಮಂಜೂರಾತಿ ಇದ್ದರೆ ಯೋಜನಾ ಬಾಬ್ತಿನಲ್ಲಿ ಹಣ, ಇಲ್ಲದಿದ್ದರೆ ರಾಜ್ಯ ತನ್ನ ಜೇಬಿನಿಂದಲೇ ಯೋಜನೇತರ ಬಾಬ್ತಿನಲ್ಲಿ ಹಾಕಬೇಕು. ತಮಿಳುನಾಡಿನ ತಕರಾರು ಇತ್ತು, 1924ರ ಒಪ್ಪಂದ ಇತ್ತು, ಮಂಜೂರಾತಿ ಸಿಗಲಿಲ್ಲ. ಕರ್ನಾಟಕ ತನ್ನ ಹಣದಲ್ಲೇ ಕಟ್ಟುತ್ತಾ ಹೋಯಿತು.

ಬೀಚನಹಳ್ಳಿಯ ಕಬಿನಿ ಕಟ್ಟೆಯ ಕೆಲಸ 1959ರಲ್ಲಿ ಶುರುವಾಗಿ ಮುಗಿದದ್ದು 1974ರಲ್ಲಿ. 15 ವರ್ಷ. ಕೈಯಲ್ಲಿ ಹಣ ಇದ್ದಷ್ಟು ಕೆಲಸ. ಹಾರಂಗಿ 1980ರ ದಶಕದ ಆರಂಭದವರೆಗೆ ಎಳೆಯಿತು. ಡ್ಯಾಂ ಆದ ಮೇಲೂ ನಾಲೆಗಳು ಕುಂಟುತ್ತಾ ಬಂದವು. ಹಾರಂಗಿಯ ನಾಲೆಯ ಕೊನೇ ಭಾಗದವರು ಇವತ್ತಿಗೂ ನೀರಿಗಾಗಿ ಕಾಯುವುದರ ಹಿಂದೆ ನಮ್ಮ ಪ್ರಕಾರ ಈ ಕಥೆಯೂ ಇದೆ. ಹೂಳೆತ್ತದ್ದು, ಲೈನಿಂಗ್ ಕಿತ್ತುಹೋದದ್ದು ಆಮೇಲಿನ ಮಾತು.

ಆದರೆ ರಾಜ್ಯ ದೆಹಲಿಯನ್ನು ಕಾಯದೆ ಕಟ್ಟಿದ್ದು ಸರಿಯಾಯಿತೇ? ಈ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಪಿರಿಯಾಪಟ್ಟಣದವರು ಸರಿ ಅನ್ನುತ್ತಾರೆ. ಕೋಟೆಯವರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೆ ಕಾರಣವಿದೆ.

ಕಬಿನಿ ಜಲಾಶಯದಲ್ಲಿ 19.52 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರು ನಿಂತಿರುವುದು ಎಚ್.ಡಿ. ಕೋಟೆಯ ಊರು, ಗದ್ದೆ, ಕಾಡುಗಳ ಮೇಲೆ. ಖೆಡ್ಡಾಗೆ ಹೆಸರಾದ ಕಾಕನಕೋಟೆಯ ಕಾಡೂ ಮುಳುಗಿತು, ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆದರೆ ನಾಲೆಯ ನೀರಿನಲ್ಲಿ ಬಹುಪಾಲು ಹೋಗುವುದು ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಗೆ. ಮುಳುಗಿದವರು ಮೇಲೆ, ಬೆಳೆದವರು ಕೆಳಗೆ. ನುಗು, ತಾರಕ, ಹೆಬ್ಬಳ್ಳ ಅಂತ ಇನ್ನೂ ಮೂರು ಕಟ್ಟೆಗಳು ಈ ಭಾಗದಲ್ಲೇ ಇವೆ. ಇಷ್ಟು ಡ್ಯಾಂ ಇರುವ ನಾಡಿನಲ್ಲಿ ಮಳೆ ನೋಡಿಕೊಂಡೇ ಹತ್ತಿ, ರಾಗಿ ಬಿತ್ತುವವರು ಎಷ್ಟೋ ಜನ.

ಹಾಡಿಗಳ ಜನರಿಗೆ ಇನ್ನೊಂದು ಕಾಗದವೂ ಬಂತು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದೂ ಕೇಂದ್ರದ್ದೇ. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ನಾಗರಹೊಳೆಯ ಗಡಿ. ಜೇನುಕುರುಬರು, ಕಾಡುಕುರುಬರು ತಲೆಮಾರುಗಳಿಂದ ಮೀನು ಹಿಡಿದ, ನೀರು ಕುಡಿದ ಹಳ್ಳಗಳು ಕಾನೂನಿನಲ್ಲಿ ಅವರಿಗೆ ಹೊರಗಾದವು. 2006ರ ಅರಣ್ಯ ಹಕ್ಕು ಕಾಯ್ದೆ ನೀರಿನ ನೆಲೆಗಳಲ್ಲಿನ ಮೀನು ಮುಂತಾದವುಗಳ ಮೇಲೆ ಸಮುದಾಯದ ಹಕ್ಕನ್ನು ಬರೆದುಕೊಟ್ಟಿದೆ. ಬರೆದದ್ದು ಕೈಗೆ ಸಿಗಬೇಕಾದರೆ ಗ್ರಾಮಸಭೆಯಿಂದ ಅರ್ಜಿ ಹೋಗಬೇಕು.

ಬೀಗ ಬಿದ್ದ 1991

1974ರಲ್ಲಿ 50 ವರ್ಷ ತುಂಬಿತು. ಒಪ್ಪಂದ ಮುಗಿಯಿತು ಅಂತ ಕರ್ನಾಟಕ, ಮುಗಿದಿಲ್ಲ ಅಂತ ತಮಿಳುನಾಡು. ವರ್ಷಗಟ್ಟಲೆ ಮಾತುಕತೆ ನಡೆದು ಫಲ ಕೊಡದೆ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ 1990ರ ಜೂನ್ 2ರಂದು ಕೇಂದ್ರ ಕಾವೇರಿ ನ್ಯಾಯಮಂಡಳಿ ರಚಿಸಿತು.

1991ರ ಜೂನ್ 25ರ ಮಧ್ಯಂತರ ತೀರ್ಪು ಎಲ್ಲರಿಗೂ ನೆನಪಿರುವುದು 205 ಟಿಎಂಸಿ ಎಂಬ ಅಂಕಿಗೆ. ತಮಿಳುನಾಡಿಗೆ ವರ್ಷಕ್ಕೆ ಅಷ್ಟು ಬಿಡಬೇಕು ಎಂದಿತ್ತು. ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ತಂದದ್ದು, ಸುಪ್ರೀಂ ಕೋರ್ಟ್ ಅದನ್ನು ಒಪ್ಪದೇ ಇದ್ದದ್ದು, ಡಿಸೆಂಬರ್‌ನ ಗಲಭೆ, ಇವೆಲ್ಲ ಪತ್ರಿಕೆಗಳಲ್ಲಿ ತುಂಬಾ ಬಂದಿವೆ.

ನಮ್ಮ ತಾಲ್ಲೂಕುಗಳಿಗೆ ಹೆಚ್ಚು ತಟ್ಟಿದ್ದು ಆ ತೀರ್ಪಿನ ಇನ್ನೊಂದು ಸಾಲು, ಅದು ಅಷ್ಟು ಸುದ್ದಿಯಾಗಲಿಲ್ಲ. ಕರ್ನಾಟಕ ಕಾವೇರಿ ಕಣಿವೆಯಲ್ಲಿ ತನ್ನ ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದು. ಈಗಾಗಲೇ ನೀರು ಕಂಡವರಿಗೆ ಇದರಿಂದ ನಷ್ಟವಿಲ್ಲ. ಇನ್ನೂ ನಾಲೆ ಬರಲಿದೆ ಅಂತ ಕಾಯುತ್ತಿದ್ದವರ ಸಾಲಿಗೆ ಬೀಗ ಬಿತ್ತು. 2007ರ ಫೆಬ್ರವರಿ 5ರ ಅಂತಿಮ ತೀರ್ಪಿನಲ್ಲಿ ಈ ಮಿತಿ 18.85 ಲಕ್ಷ ಎಕರೆಗೆ ಏರಿತು. ನಡುವೆ ಹೋದದ್ದು 16 ವರ್ಷ. 1991ರಲ್ಲಿ 30 ವರ್ಷದ ರೈತನಾಗಿದ್ದವನಿಗೆ ಅಷ್ಟು ಹೊತ್ತಿಗೆ 46.

ಆ 16 ವರ್ಷದಲ್ಲಿ ಹೊಲದವರು ಸುಮ್ಮನೆ ಕೂರಲಿಲ್ಲ. ಹೊಗೆಸೊಪ್ಪು ಮಳೆಯಾಶ್ರಯದಲ್ಲಿ ಬರುವ ಬೆಳೆ, ಹರಾಜು ಮಾರುಕಟ್ಟೆ ಹತ್ತಿರವೇ ಇದೆ, ಅದನ್ನು ಹಿಡಿದುಕೊಂಡರು. ಆಮೇಲೆ ಬೋರ್‌ವೆಲ್ ಬಂತು, ಬೋರ್‌ವೆಲ್ ಜೊತೆ ಶುಂಠಿ, ಬಾಳೆ. ಇಲ್ಲೊಂದು ತಮಾಷೆ ಇದೆ. ಹೊಳೆಯ ನೀರಿಗೆ ಇಷ್ಟೊಂದು ಒಪ್ಪಂದ, ನ್ಯಾಯಮಂಡಳಿ, ಲೆಕ್ಕ. ನೆಲದ ಕೆಳಗಿನ ನೀರಿಗೆ ಬಹುಕಾಲ ನಡೆದದ್ದು 1882ರ ಅನುಭೋಗ ಹಕ್ಕುಗಳ ಕಾಯ್ದೆಯ ತರ್ಕವೇ: ನಿನ್ನ ಜಮೀನಿನ ಕೆಳಗಿನ ನೀರು ನೀನು ಎತ್ತಿಕೊ. ಕೇಂದ್ರ 1970ರಿಂದ ಮಾದರಿ ಮಸೂದೆ ಕಳುಹಿಸುತ್ತಲೇ ಇತ್ತು. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂಬ ಕಾನೂನು ಕರ್ನಾಟಕದಲ್ಲಿ ಬಂದದ್ದು 1999ರಲ್ಲಿ, ಅಂತರ್ಜಲ ಕಾಯ್ದೆ 2011ರಲ್ಲಿ. ಅಷ್ಟು ಹೊತ್ತಿಗೆ ರಿಗ್ ಲಾರಿಗಳು ಪ್ರತಿ ಊರಿನ ದಾರಿ ಕಂಡುಕೊಂಡಿದ್ದವು.

ಬರದ ವರ್ಷಗಳು

ಮಳೆ ಚೆನ್ನಾಗಿ ಆದ ವರ್ಷ ಯಾವ ತೀರ್ಪೂ ನಮ್ಮ ಊರಿಗೆ ಕಾಣಿಸುವುದಿಲ್ಲ. ಕೊರತೆಯ ವರ್ಷ ಕಾಣಿಸುತ್ತದೆ.

2002 ಅಂಥ ವರ್ಷ. ಸೆಪ್ಟೆಂಬರ್‌ನಲ್ಲಿ ಕಬಿನಿ ಜಲಾಶಯದ ಹತ್ತಿರ ನೀರು ಬಿಡುವುದರ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದಾಗ ರೈತರೊಬ್ಬರು ನೀರಿಗೆ ಹಾರಿ ಪ್ರಾಣ ಬಿಟ್ಟರು. ನಮ್ಮಲ್ಲಿ ಕೆಲವರು ಆಗ ಪ್ರಾಥಮಿಕ ಶಾಲೆಯಲ್ಲಿದ್ದೆವು. ಯಾಕೆ ರಜೆ ಅಂತ ಗೊತ್ತಿಲ್ಲದೆ ಆಟ ಆಡಿದ ನೆನಪು ಮಾತ್ರ ಇದೆ.

ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು 2007ರ ತೀರ್ಪನ್ನು ತಿದ್ದಿತು. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ಕರ್ನಾಟಕದ ಪಾಲು 270ರಿಂದ 284.75ಕ್ಕೆ ಏರಿತು, ಅದರಲ್ಲಿ 4.75 ಬೆಂಗಳೂರಿಗಾಗಿ. ನಮ್ಮ ನಾಲ್ಕು ತಾಲ್ಲೂಕಿಗೆ ಎಷ್ಟು ಎಂದು ಆ ತೀರ್ಪು ಹೇಳುವುದಿಲ್ಲ, ರಾಜ್ಯದೊಳಗಿನ ಹಂಚಿಕೆ ರಾಜ್ಯಕ್ಕೆ ಬಿಟ್ಟದ್ದು. ಕಬಿನಿಯ ಮೇಲಿನ ವಯನಾಡಿನ ಪಾಲೂ ಇದರಲ್ಲಿ ಸೇರಿದೆ. ಕೇರಳಕ್ಕೆ ಸಿಕ್ಕ 30 ಟಿಎಂಸಿಯಲ್ಲಿ 21 ಕಬಿನಿ ಕಣಿವೆಯದ್ದು. ಅವರು ಅದನ್ನು ಪೂರಾ ಬಳಸಿದ ದಿನ ಬೀಚನಹಳ್ಳಿಗೆ ಬರುವ ಒಳಹರಿವು ಇವತ್ತಿನಷ್ಟೇ ಇರುವುದಿಲ್ಲ. ಕೋಟೆಯಲ್ಲಿ ಈ ಮಾತನ್ನು ಆಡುವವರು ಕಡಿಮೆ.

ಟಿಎಂಸಿ ಅಂದರೆ ಎಷ್ಟು ಅಂತ ಫೋನಿನಲ್ಲಿ ಓದುತ್ತಿರುವವರಿಗೆ ಒಂದು ಅಂದಾಜು. ಒಂದು ಟಿಎಂಸಿ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಸಾವಿರ ಜನರ ಊರಿಗೆ ತಲೆಗೆ ದಿನಕ್ಕೆ 55 ಲೀಟರಿನಂತೆ ಕೊಟ್ಟರೆ ವರ್ಷಕ್ಕೆ ಬೇಕಾಗುವುದು ಎರಡು ಕೋಟಿ ಲೀಟರ್. ಅಂದರೆ ಒಂದು ಟಿಎಂಸಿಯಲ್ಲಿ ಅಂಥ 1,400 ಊರು ವರ್ಷವಿಡೀ ಕುಡಿಯಬಹುದು.

ಈಗ ತಿಂಗಳ ಲೆಕ್ಕ ನೋಡಿ. 177.25ರಲ್ಲಿ ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76 ಟಿಎಂಸಿ. ನಮ್ಮಲ್ಲಿ ನಾಟಿ ನಡೆಯುವುದೂ ಅದೇ ಜುಲೈ, ಆಗಸ್ಟ್‌ನಲ್ಲಿ. ತಮಿಳುನಾಡಿನ ಕುರುವೈ, ಸಾಂಬಾ ಬೆಳೆಗೂ ನೀರು ಬೇಕಾಗುವುದು ಆ ತಿಂಗಳುಗಳಲ್ಲೇ. ತಂಜಾವೂರಿನ ರೈತ ನಮ್ಮ ಶತ್ರುವಲ್ಲ, ಅವನೂ ಟೀ ಅಂಗಡಿಯಲ್ಲಿ ಇದೇ ಪ್ರಶ್ನೆ ಕೇಳುತ್ತಿರುತ್ತಾನೆ. ಇಬ್ಬರ ಕ್ಯಾಲೆಂಡರ್ ಒಂದೇ ಆಗಿರುವುದೇ ತೊಡಕು.

ತೀರ್ಪಿನ ಜಾರಿಗೆ 2018ರ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಬಂತು. ಕಷ್ಟದ ವರ್ಷದಲ್ಲಿ ಅದು ಹಾರಂಗಿ, ಹೇಮಾವತಿ, ಕೆ.ಆರ್.ಎಸ್., ಕಬಿನಿ ನಾಲ್ಕರ ಒಳಹರಿವನ್ನೂ ಕೂಡಿಸಿ ಕೊರತೆ ಎಷ್ಟು ಅಂತ ನೋಡುತ್ತದೆ. 2023ರಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಗೊತ್ತಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಆಗಸ್ಟ್ ಕೊನೆಯಲ್ಲಿ 15 ದಿನ ಸೆಕೆಂಡಿಗೆ 5,000 ಘನ ಅಡಿಯಂತೆ ನೀರು ಬಿಡಿ ಎಂಬ ಆದೇಶ, ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಇಂಥ ವರ್ಷ ಊರಿಗೆ ಬರುವ ಸೂಚನೆ ಎಲ್ಲರಿಗೂ ಬಾಯಿಪಾಠ: ಕಟ್ಟು ಪದ್ಧತಿಯಲ್ಲಿ ನೀರು, ಭತ್ತದ ಬದಲು ಅರೆಖುಷ್ಕಿ ಬೆಳೆ.

ಊರಿನ ಕೆರೆ ಯಾರದ್ದು?

ಇಷ್ಟು ಹೊತ್ತು ಹೊಳೆಯ ಮಾತಾಯಿತು. ಕೆರೆಯದ್ದು ಸದ್ದಿಲ್ಲದ ಕಥೆ.

ಮೊದಲು ತೂಬು ಎತ್ತುವವರು, ಇಳಿಸುವವರು ನೀರಗಂಟಿಗಳು. ಅವರಿಗೆ ಇನಾಮು ಜಮೀನು, ಕಣದಲ್ಲಿ ಒಂದಿಷ್ಟು ಭತ್ತ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಅವರ ತಲೆಯಲ್ಲಿರುತ್ತಿತ್ತು. ದೇಶವೆಲ್ಲ ಇನಾಮು, ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯುತ್ತಿದ್ದ ಕಾಲದಲ್ಲಿ ನಮ್ಮ ರಾಜ್ಯವೂ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತಂದಿತು. ಹಳೇದೆಲ್ಲ ಚಿನ್ನ ಅಂತ ನಾವು ಹೇಳುವುದಿಲ್ಲ. ನೀರಗಂಟಿಗಳಲ್ಲಿ ಹೆಚ್ಚಿನವರು ದಲಿತರು. ನೀರು ಹಂಚುವ ಕೈ ಅವರದ್ದು, ನೀರು ಕುಡಿದ ಗದ್ದೆ ಬಹುಪಾಲು ಬೇರೆಯವರದ್ದು. ಹುಟ್ಟಿನಿಂದ ಬಂದ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ಆ ಕೆಲಸಕ್ಕೆ ಸಂಬಳ ಕೊಟ್ಟು ಬೇರೆ ಏರ್ಪಾಡು ಮಾಡಲಿಲ್ಲ. ತೂಬು ಅನಾಥವಾಯಿತು.

ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯ್ತಿಗಳಿಗೆ ಅಂತ ಭಾಗವಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಸಣ್ಣ ನೀರಾವರಿ, ಕುಡಿಯುವ ನೀರು, ಮೀನುಗಾರಿಕೆ ಮೂರನ್ನೂ ಪಂಚಾಯ್ತಿಗಳ ಪಟ್ಟಿಗೆ ಹಾಕಿತು. ಪಟ್ಟಿ ಬಂತು. ಹಣ, ಇಂಜಿನಿಯರು ಇಲಾಖೆಯಲ್ಲೇ ಉಳಿದರು.

ಪಿರಿಯಾಪಟ್ಟಣದಲ್ಲಿ ಈಗ ಮುತ್ತಿನಮುಳುಸೋಗೆಯ ಹತ್ತಿರ ಕಾವೇರಿಯಿಂದ ನೀರೆತ್ತಿ 150 ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ನೂರು ವರ್ಷ ಕಾದ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ. ಆದರೆ ಯಾವ ಕೆರೆಗೆ ಮೊದಲು, ಎಷ್ಟು ದಿನ, ಪೈಪು ಕೆಟ್ಟರೆ ಯಾರು ಎಂಬುದು ಕೆರೆಯ ಏರಿ ಮೇಲೆ ತೀರ್ಮಾನವಾಗುವುದಿಲ್ಲ. ಮೋಟಾರಿನ ಸ್ವಿಚ್ ಇರುವ ಕಡೆ ತೀರ್ಮಾನವಾಗುತ್ತದೆ.

ಹುಣಸೂರಿನ ಬಗ್ಗೆ ಒಂದು ಮಾತು. ಹೊಳೆಯ ಪ್ರಮಾಣದ ಬಗ್ಗೆ ಇಷ್ಟು ಜಗಳವಾಡಿದ ನಾವು ಅದರ ಗುಣದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಜಲಮಾಲಿನ್ಯ ತಡೆ ಕಾಯ್ದೆ 1974ರಿಂದಲೇ ಇದೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ಲಕ್ಷ್ಮಣತೀರ್ಥವೂ ಇತ್ತು. ಕೊಡಗಿನ ಇರ್ಪು ಜಲಪಾತದಲ್ಲಿ ಮಿಂದು ಪುಣ್ಯ ಅನ್ನುವ ಅದೇ ನೀರು.

ನಲ್ಲಿ ಬಂತು

ಕುಡಿಯುವ ನೀರಿನಲ್ಲಿ ದೆಹಲಿಯ ಕೈ ನೇರವಾಗಿ ಊರಿಗೆ ಬಂದದ್ದು 1972-73ರ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮದಿಂದ. ನಮ್ಮ ಕಡೆ ಅದಕ್ಕೆ ಮುಖ ಕೊಟ್ಟವರು ಮಾತ್ರ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡರು. ಸೇದೋ ಬಾವಿಯ ಹಗ್ಗ ಬಿಟ್ಟು ಕೈಪಂಪು ಹಿಡಿದದ್ದನ್ನು ನಮ್ಮ ಅಮ್ಮಂದಿರು ಈಗಲೂ ಹೇಳುತ್ತಾರೆ. ಅಧಿಕಾರವನ್ನು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗೆ ಇಳಿಸಿದವರೂ ಅವರೇ, ದೇಶದ 73ನೇ ತಿದ್ದುಪಡಿಗೆ ಮೊದಲೇ.

2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾಯಿತು. ನಮ್ಮಲ್ಲಿ ಅದು ‘ಮನೆ ಮನೆಗೆ ಗಂಗೆ’. ಪ್ರತಿ ಮನೆಗೆ ನಲ್ಲಿ, ತಲೆಗೆ 55 ಲೀಟರ್, ಖರ್ಚಿನಲ್ಲಿ ಕೇಂದ್ರ ರಾಜ್ಯ ಅರ್ಧರ್ಧ, ಊರಿನೊಳಗಿನ ಕಾಮಗಾರಿಗೆ ಊರಿನವರಿಂದ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ವಂತಿಗೆ. ಮಾರ್ಗಸೂಚಿಯ ಪ್ರಕಾರ ಊರಿಗೊಂದು ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧದಷ್ಟು ಹೆಂಗಸರು. ನಿಮ್ಮ ಊರಿನ ಸಮಿತಿಯ ಸದಸ್ಯರು ಯಾರು ಅಂತ ನಿಮಗೆ ಗೊತ್ತಾ? ನಮ್ಮ ಗುಂಪಿನವರು ತಮ್ಮ ತಮ್ಮ ಊರಲ್ಲಿ ಕೇಳಿ ನೋಡಿದೆವು. ಹೆಸರು ಹೇಳಿದವರಿಗಿಂತ ವಾಟರ್‌ಮ್ಯಾನ್ ಕಡೆ ಬೆರಳು ತೋರಿಸಿದವರೇ ಹೆಚ್ಚು.

ನಲ್ಲಿ ಬಂದದ್ದು ಒಳ್ಳೆಯದು, ಬಿಂದಿಗೆ ಹೊತ್ತ ಸೊಂಟಕ್ಕೆ ಅದರ ಬೆಲೆ ಗೊತ್ತು. ಆದರೆ ಎಷ್ಟೋ ಊರಲ್ಲಿ ನಲ್ಲಿಯ ಹಿಂದಿರುವುದು ಅದೇ ಹಳೇ ಬೋರ್‌ವೆಲ್. ಪಕ್ಕದ ಹೊಲದಲ್ಲಿ ಶುಂಠಿಗೆ ಇನ್ನೊಂದು ಬೋರ್ ಬಿದ್ದರೆ 1999ರ ಕಾಯ್ದೆಯ 500 ಮೀಟರ್ ಯಾರೂ ಅಳೆಯುವುದಿಲ್ಲ. ಬೋರ್ ಹಾಕಿಸಿದವನು ನಮ್ಮ ನೆಂಟನೇ ಆಗಿರುತ್ತಾನೆ.

ಇನ್ನೊಂದು ತಾರೀಖು ಮುಂದೆ ಕಾಯುತ್ತಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ತನ್ನ ಹಂಚಿಕೆ 15 ವರ್ಷ ನಡೆಯಲಿ ಎಂದಿತ್ತು. ಅಂದರೆ 2033. ಮತ್ತೆ ಲೆಕ್ಕ ಶುರುವಾದರೆ ಯಾವ ಬಯಲಿಗೆ ಯಾವಾಗಿನಿಂದ ನೀರು ಎಂಬ ದಾಖಲೆ ಕೇಳುತ್ತಾರೆ. ನಿಮ್ಮ ಪಹಣಿ ತೆಗೆದು ನೋಡಿ, ಜಮೀನು ಖುಷ್ಕಿ, ತರಿ, ಬಾಗಾಯ್ತು ಎಂಬುದರಲ್ಲಿ ಯಾವುದು ಅಂತ ಬರೆದಿದೆ, ನೀರಿನ ಮೂಲದ ಕಡೆ ಏನಿದೆ ಅಂತ. ಕೆರೆ ಬತ್ತಿ ಬೋರ್ ಬಂದಿದ್ದರೂ ಅಲ್ಲಿ ಕೆರೆ ಅಂತಲೇ ಇರಬಹುದು, ನಾಲೆ ಬಂದಿದ್ದರೂ ಖುಷ್ಕಿ ಅಂತ ಉಳಿದಿರಬಹುದು. ತಪ್ಪಿದ್ದರೆ ನಾಡಕಚೇರಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ವಿಚಾರಿಸಿ. ಮನೆಯ ಹಳೇ ಟ್ರಂಕಿನಲ್ಲಿ ತಾತನ ಕಾಲದ ನೀರುಕಂದಾಯದ ರಸೀದಿ ಇದ್ದರೆ ಎಸೆಯಬೇಡಿ. ಒಂದು ಫೋಟೋ ತೆಗೆದು ನಮಗೆ ಕಳುಹಿಸಿ, ಊರು, ನಾಲೆ ಅಥವಾ ಕೆರೆಯ ಹೆಸರು ಬರೆದು. ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕುಗಳಾಗಿವೆ, ಅಲ್ಲಿಯವರೂ ಕಳುಹಿಸಿ. ಸಿಕ್ಕಿದ್ದನ್ನೆಲ್ಲ ಊರಿನ ಪ್ರಕಾರ ಜೋಡಿಸಿ ಇಲ್ಲೇ ಹಾಕುತ್ತೇವೆ.